ನಿಂತ ಬಂಡಿ

ಯಂತ್ರವು ಕೋಪವನ್ನರಿಯದು, ಕ್ರಮವನ್ನರಿಯುವುದು. ಉಪಾಧ್ಯಾಯರೊಬ್ಬರು ಹಳೆಯ ಯೆಜ್ದಿ ಮೋಟಾರು ಸೈಕಲ್ಲೊಂದನ್ನು ಕೊಂಡು ತಂದಿದ್ದರು. ಮೈಸೂರಿನಲ್ಲಿ ಅದರ ತಯಾರಿಕೆಯು 1996ರಲ್ಲಿಯೇ ನಿಂತುಹೋಗಿತ್ತು. ಹಾಸಿಗೆ ಹಿಡಿದಿದ್ದ ಅವರ ತಂದೆಗೆ, ಯೌವನದಲ್ಲಿ ತಾವು ಏರಿದ ಆ ಬಂಡಿಯ ಸದ್ದನ್ನು ಇನ್ನೊಮ್ಮೆ ಕೇಳುವ ಹಂಬಲ. ಎಷ್ಟು ಒದ್ದರೂ ಅದು ಹೊರಡಲಿಲ್ಲ.

“ಒದೆಯಬೇಡಪ್ಪಾ, ಪ್ಲಗ್ಗನ್ನು ಬಿಚ್ಚಿ ನೋಡು” ಎಂದು ಒಳಗಿನಿಂದ ಕ್ಷೀಣಸ್ವರವು ಕೇಳಿಸಿತು. ಪ್ಲಗ್ಗು ಪೆಟ್ರೋಲಿನಿಂದ ತೊಯ್ದಿತ್ತು. ಎಂದರೆ ಇಂಧನಕ್ಕೆ ಕೊರತೆಯಿಲ್ಲ. ಬ್ಯಾಟರಿಯಲ್ಲಿ ಬಲವಿತ್ತು, ಆದರೂ ಹೊಸ ಪ್ಲಗ್ಗಿನಲ್ಲಿಯೂ ಕಿಡಿ ಹಾರಲಿಲ್ಲ. “ಹಾಗಾದರೆ ಪಾಯಿಂಟುಗಳನ್ನು ನೋಡು” ಎಂದರು ವೃದ್ಧರು. ಬಹುಕಾಲ ನಿಂತಿದ್ದುದರಿಂದ ಅವುಗಳ ಮುಖಕ್ಕೆ ಕಿಲುಬು ಹಿಡಿದು ವಿದ್ಯುತ್ತಿನ ಹಾದಿಯು ಕಟ್ಟಿತ್ತು. ನಯವಾದ ಮರಳುಕಾಗದದಿಂದ ಉಜ್ಜಿ, ಬಟ್ಟೆಯಿಂದ ಒರಸಿ, ಮತ್ತೊಮ್ಮೆ ಒದ್ದೊಡನೆಯೇ ಬಂಡಿಯು ಗುಡುಗಿತು.

ವೃದ್ಧರು ಕಣ್ಣು ಮುಚ್ಚಿ ಕೇಳುತ್ತಲಿದ್ದರು. ಮಗನು ಬಹಳ ಹೊತ್ತಿನವರೆಗೂ ಅದನ್ನು ನಿಲ್ಲಿಸಲಿಲ್ಲ.