ಸೇಲಂನ ಬಾಡಿಗೆ ಮನೆ, ಬಾಗಿಲ ಮುಂದಿನ ವಾಹನ

ಸೇರ್ವರಾಯನ್ ಬೆಟ್ಟದ ತಪ್ಪಲಿನ ಸೇಲಂ, ಧರ್ಮಪುರಿ ಸೀಮೆಯ ಕನ್ನಡ ಮನೆಗಳ ಮಕ್ಕಳಿಗೂ ಕಾಲೇಜಿನ ಊರು. 1997ರಲ್ಲಿ ಪೆರಿಯಾರ್ ವಿಶ್ವವಿದ್ಯಾಲಯವೂ ಇಲ್ಲಿ ಸ್ಥಾಪನೆಯಾಯಿತು. ಹೆಸರಿನಲ್ಲೇ ಮಂಗಳವಾರವನ್ನು ಹೊತ್ತ ಸೆವ್ವಾಯ್‌ಪೇಟೆಯಂತಹ ಹಳೆಯ ಬಡಾವಣೆಗಳ ಬೀದಿಗಳು ಕಾರುಗಳಿಗಾಗಿ ಹುಟ್ಟಿದವಲ್ಲ. ಅಲ್ಲಿ ಕೋಣೆ ದೊರೆತರೂ ಬೈಕ್ ನಿಲ್ಲಿಸಲು ಸ್ಥಳ ದೊರೆಯುವುದು ಕಷ್ಟ. ಬೀದಿಯಲ್ಲಿ ಬಿಟ್ಟರೆ ಐಪ್ಪಸಿ ತಿಂಗಳ ಮಳೆಗೆ ನೆನೆಯುತ್ತದೆ. ನೆರೆಯವರೊಡನೆ ಮನಸ್ತಾಪವೂ ಬೆಳೆಯುತ್ತದೆ. 2019ರಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾಯ್ದೆಯಂತೆ ಕರಾರು ಲಿಖಿತವಾಗಿರಬೇಕು. ವಾಹನದ ಸ್ಥಳ ಯಾವುದು, ಅದಕ್ಕೆ ಬೇರೆ ಬಾಡಿಗೆಯುಂಟೆ, ಮೇಲೆ ಸೂರುಂಟೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಪೋಷಕರು ಅದರಲ್ಲಿ ಬರೆಸಿಕೊಳ್ಳುವುದು ಒಳಿತು. ಬಾಯಿಮಾತಿನಿಂದ ದೊರೆತ ಸ್ಥಳ, ಮನೆಯೊಡೆಯರು ಹೊಸ ಕಾರು ಕೊಂಡ ದಿನವೇ ಕೈತಪ್ಪಬಹುದು.