ಒಂದು ಲೀಟರ್ ಕೊಳಚೆಗೆ ಎಷ್ಟು ಲೀಟರ್ ಕೆರೆ ನೀರು?

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ದೇವನಹಳ್ಳಿ ಕಡೆಯ ಒಂದು ಶಾಲೆ. ಏಳನೇ ತರಗತಿಗೆ ತ್ಯಾಜ್ಯ ನೀರಿನ ಪಾಠ ಮಾಡಬೇಕಿತ್ತು. ಈ ಪಾಠಕ್ಕೆ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಮಾಡಿಕೊಳ್ಳುವ ಬೋಧನೋಪಕರಣ ಒಂದೇ. ಕತ್ತರಿಸಿದ ಬಾಟಲಿಯಲ್ಲಿ ಜಲ್ಲಿ, ಮರಳು, ಇದ್ದಿಲು. ಮೇಲೆ ಕೆಸರು ನೀರು ಸುರಿದರೆ ಕೆಳಗೆ ತಿಳಿನೀರು ಬರುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ತಿಳಿಯಾದ ನೀರೆಲ್ಲ ಶುದ್ಧ ಎಂಬ ಕಲ್ಪನೆಯೂ ಅವರಲ್ಲಿ ಉಳಿದುಬಿಡುತ್ತದೆ. ಶುದ್ಧೀಕರಣ ಘಟಕದ ದೊಡ್ಡ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಲೆಕ್ಕದ ಮೂಲಕ ತೋರಿಸೋಣ ಎಂದು ಪಾಠಯೋಜನೆ ಬರೆದುಕೊಂಡೆ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಒಂದು ಲೀಟರ್ ಮನೆಗಳ ಕೊಳಚೆಯನ್ನು ಕೊಳೆಸಲು ಬ್ಯಾಕ್ಟೀರಿಯಾಗಳಿಗೆ 240 ಮಿಲಿಗ್ರಾಂ ಬೇಕು ಎಂದಿಟ್ಟುಕೊಳ್ಳೋಣ. ಹಾಗಾದರೆ ಎಷ್ಟು ಲೀಟರ್ ಕೆರೆ ನೀರಿನ ಆಮ್ಲಜನಕ ಖರ್ಚಾಗುತ್ತದೆ? ಮಕ್ಕಳು ಭಾಗಿಸಿ 30 ಎಂದರು. ಶುದ್ಧೀಕರಿಸಿ ಆ ಬೇಡಿಕೆಯನ್ನು 30 ಮಿಲಿಗ್ರಾಂಗೆ ಇಳಿಸಿದರೆ? ಲೆಕ್ಕ 4 ಲೀಟರಿಗೂ ಕೆಳಗಿಳಿಯಿತು. ಗಾಳಿಯಿಂದ ಕೆರೆಗೆ ಆಮ್ಲಜನಕ ಸೇರುತ್ತಲೇ ಇರುವುದರಿಂದ ಇದು ಸರಳ ಮಾಡಿದ ಲೆಕ್ಕ ಎಂದೂ ಹೇಳಿದೆ. ಆದರೂ ವಿಷಯ ಸ್ಪಷ್ಟವಾಯಿತು. ಕೆರೆಯಲ್ಲಿ ಮೀನಿನ ಉಸಿರು ಕಿತ್ತುಕೊಂಡು ನಡೆಯಬೇಕಿದ್ದ ಕೊಳೆಯುವಿಕೆಯನ್ನು ಘಟಕವು ತನ್ನ ತೊಟ್ಟಿಯೊಳಗೇ ಮುಗಿಸಿ ನೀರನ್ನು ಹೊರಬಿಡುತ್ತದೆ.

ಆಗ ಒಬ್ಬ ಹುಡುಗಿ, "ಮಿಸ್, ನಮ್ಮನೇಲಿ ಪೈಪಿಲ್ಲ, ಪಿಟ್ಟು. ಗಾಡಿ ಬಂದು ಎಳ್ಕೊಂಡು ಹೋಗುತ್ತೆ" ಎಂದಳು. ಕೆಲವರು ಹಿಂದಿನ ಬೆಂಚಿನ ಹುಡುಗನ ಕಡೆ ತಿರುಗಿ ಮೂಗು ಮುಚ್ಚಿಕೊಂಡು ನಕ್ಕರು. ಅವನ ತಂದೆ ಆ ಗಾಡಿಯ ಡ್ರೈವರ್. ಹುಡುಗ ತಲೆ ತಗ್ಗಿಸಿದ.

ನಾನು ಬೈಯಲಿಲ್ಲ, ಹುಡುಗನನ್ನು ಎಬ್ಬಿಸಿಯೂ ನಿಲ್ಲಿಸಲಿಲ್ಲ. ಕಪ್ಪುಹಲಗೆಯ ಮೇಲೆ ಅವರದೇ ಊರಿನ ಚಿತ್ರ ಬರೆದೆ. ಒಳಚರಂಡಿ ಇಲ್ಲದ ದೇವನಹಳ್ಳಿಗೆಂದು 2015ರಲ್ಲಿ ಮಲದ ಕೆಸರು ಶುದ್ಧೀಕರಣ ಘಟಕ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಪಿಟ್ಟಿನ ಕೆಸರು ಚರಂಡಿ ನೀರಿಗಿಂತ ಹಲವು ಪಟ್ಟು ಗಾಢ. ಅಲ್ಲಿ ಗಟ್ಟಿಯನ್ನೂ ನೀರನ್ನೂ ಬೇರ್ಪಡಿಸುತ್ತಾರೆ. ಗಟ್ಟಿ ಭಾಗ ಒಣಗಿ, ಊರಿನ ಹಸಿ ಕಸದ ಜೊತೆ ಸೇರಿ ಗೊಬ್ಬರವಾಗುತ್ತದೆ. ನೀರಿಗೆ ಬೇರೆ ಹಂತಗಳ ಶುದ್ಧೀಕರಣ.

"ಇದರಲ್ಲಿ ಮೊದಲ ಹಂತ ಯಾವುದು?" ಎಂದು ಕೇಳಿದೆ. ಪುಸ್ತಕದಲ್ಲಿದ್ದಂತೆ "ಸರಳುಗಳ ಜಾಲರಿ" ಎಂದರು. "ಅದಕ್ಕೂ ಮುಂಚೆ?" ಯಾರೂ ಮಾತಾಡಲಿಲ್ಲ. ಗಾಡಿಯ ಚಿತ್ರ ಬರೆದು 1 ಎಂದು ಸಂಖ್ಯೆ ಹಾಕಿದೆ. ಡ್ರೈವರ್ ಗಾಡಿಯನ್ನು ಘಟಕಕ್ಕೆ ತರದೆ ಮಳೆನೀರಿನ ಕಾಲುವೆಗೆ ಸುರಿದರೆ ಮುಂದಿನ ಹಂತಗಳಿಗೆಲ್ಲ ಕೆಲಸವೇ ಇಲ್ಲ. ಹಿಂದಿನ ಬೆಂಚಿನಿಂದ ತಾನಾಗಿಯೇ ಮಾತು ಬಂತು: "ಮುಂಚೆ ಹೊಲದೋರೇ ಕೇಳಿ ಹಾಕಿಸ್ಕೊಳ್ತಿದ್ರಂತೆ ಮಿಸ್. ಮಳೆ ಬಂದ್ರೆ ಎಲ್ಲಾ ಕೊಚ್ಕೊಂಡು ಕೆರೆಗೆ ಹೋಗ್ತಿತ್ತಂತೆ." ಆ ದಿನ ತರಗತಿಯಲ್ಲಿ ಬಂದ ಅತ್ಯಂತ ಉಪಯುಕ್ತ ಮಾಹಿತಿ ಅದು. ಈ ಸಲ ಯಾರೂ ನಗಲಿಲ್ಲ.

ಕೆರೆಯಿಂದ ಮುಂದೆ ಎಲ್ಲಿಗೆ? ಭೂಪಟ ತೆಗೆದೆವು. ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಕಡೆಯಿಂದ ತಮಿಳುನಾಡಿಗೆ ಇಳಿದು, ಕೃಷ್ಣಗಿರಿ ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ನಮ್ಮೂರ ಘಟಕ ಕಾಯುವುದು ನಾವು ಎಂದೂ ನೋಡದವರ ನೀರನ್ನು. ನಮ್ಮ ನೀರನ್ನು ಕಾಯಬೇಕಾದವರು ನಮ್ಮ ಮೇಲಿನ ಊರಿನವರು.

ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು "ವಿಜ್ಞಾನದ ಪಾಠ ಸಮಾಜ ವಿಜ್ಞಾನದ ಕಡೆ ವಾಲಿತು" ಎಂದು ಬರೆದರು. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲಾರೆ. ಕೊಳಚೆಯನ್ನು ಮುಟ್ಟಿ ಕೆಲಸ ಮಾಡುವವರನ್ನು ಕಂಡು ಮೂಗು ಮುಚ್ಚುವ ತರಗತಿ, ಶುದ್ಧೀಕರಣದ ಹಂತಗಳನ್ನು ಬಾಯಿಪಾಠ ಮಾಡಬಹುದು, ಅರ್ಥ ಮಾಡಿಕೊಳ್ಳಲಾರದು.

ಈ ಪಾಠ ಮಾಡಲಿರುವ ಗೆಳೆಯರಿಗೆ ಒಂದು ಸಲಹೆ. ಸೋಸುವ ಬಾಟಲಿ ಇರಲಿ. ಜೊತೆಗೆ ಎರಡು ಸಣ್ಣ ಸೀಸೆ ತೆಗೆದುಕೊಳ್ಳಿ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಸಕ್ಕರೆ ನೀರು; ಎರಡಕ್ಕೂ ಸಮನಾಗಿ ಯೀಸ್ಟ್ ಮತ್ತು ಒಂದೆರಡು ಹನಿ ಮೆಥಿಲೀನ್ ನೀಲಿ ಹಾಕಿ, ಪೂರ್ತಿ ತುಂಬಿಸಿ ಮುಚ್ಚಳ ಬಿಗಿ ಮಾಡಿ, ಬೆಚ್ಚಗಿನ ಜಾಗದಲ್ಲಿಡಿ. ಸಕ್ಕರೆ ನೀರಿನ ನೀಲಿ ಬೇಗ ಮಾಸುತ್ತದೆ. ತಿಳಿನೀರಿನಲ್ಲಿ ಕರಗಿ ಅಡಗಿರುವ ಆಹಾರವೂ ಆಮ್ಲಜನಕವನ್ನು ಖಾಲಿ ಮಾಡಿಸುತ್ತದೆ ಎಂಬುದನ್ನು ಮಕ್ಕಳು ಆಗ ಕಣ್ಣಾರೆ ನೋಡುತ್ತಾರೆ.