ಎಣ್ಣೆ ಡಬ್ಬದೊಳಗಿಂದ ಹಳ್ಳದ ಫೋಟೋ



ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ತಮ್ಮ ಸ್ವಂತ ಅನುಭವವನ್ನೇ ಬರೆಯಬೇಕು ಎಂದು ವಿಜ್ಞಾನದ ಸರ್ ಹೇಳಿದ್ದಾರೆ. ನಾನು ಕಡಿಮೆ ಖರ್ಚಿನಲ್ಲಿ ನೀರಿನೊಳಗಿನ ಫೋಟೋ ತೆಗೆಯಲು ಕಲಿತದ್ದನ್ನು ಬರೆಯುತ್ತೇನೆ. ಇದರಲ್ಲಿ ನಾನು ಹೇಳಿದ ಒಂದು ಸುಳ್ಳೂ ಬರುತ್ತದೆ. ಅದೊಂದನ್ನು ಬಿಟ್ಟು ಬರೆಯೋಣ ಅಂತ ಮಾಡಿದ್ದೆ, ಆದರೆ ಅದನ್ನು ಬಿಟ್ಟರೆ ಡಬ್ಬ ಯಾಕೆ ಮಾಡಿದೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.

ಹೋದ ವರ್ಷ ಪ್ರವಾಸಕ್ಕೆ ಶೃಂಗೇರಿಗೆ ಹೋದಾಗ ತುಂಗಾ ನದಿಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಹಾಕಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಅದಕ್ಕೇ ಅವು ಜನರಿಗೆ ಹೆದರದೆ ಮೆಟ್ಟಿಲ ತನಕ ಬರುತ್ತವೆ. ಬಿಸಿಯೂಟದ ಅಡುಗೆಯವಳಾದ ನನ್ನ ಅಮ್ಮನೂ ಬಂದಿದ್ದಳಲ್ಲ, ಅವಳ ಮೊಬೈಲ್ ಇಸಕೊಂಡು ಇಪ್ಪತ್ತು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಮೀನೇ ಇಲ್ಲ! ಬರೀ ಬಿಳಿ ಹೊಳಪು, ಆಕಾಶ, ಮತ್ತೆ ನನ್ನ ಎರಡು ಜಡೆ.

ಸರ್ ಹತ್ರ ಕೇಳಿದೆ. ನೀರಿನ ಮೇಲ್ಭಾಗ ಕನ್ನಡಿಯ ಹಾಗೆ ಬೆಳಕನ್ನು ವಾಪಸು ಕಳಿಸುತ್ತದೆ, ಕ್ಯಾಮೆರಾದ ಕಣ್ಣು ಅದನ್ನು ದಾಟಿ ಒಳಗೆ ಹೋಗಬೇಕು ಎಂದರು. ಮುರುಡೇಶ್ವರದ ಹತ್ತಿರ ಸಮುದ್ರದಲ್ಲಿ ನೇತ್ರಾಣಿ ಎಂಬ ದ್ವೀಪ ಇದೆಯಂತೆ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಮೀನಿನ ಫೋಟೋ ತೆಗೆಯುತ್ತಾರಂತೆ. ಅದರಲ್ಲಿ ಇರುವುದು ಬರೀ ಆಮ್ಲಜನಕ ಎಂದು ನಾನು ತಿಳಿದಿದ್ದೆ. ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಅದಕ್ಕೆಲ್ಲ ಸಾವಿರಾರು ರೂಪಾಯಿ ಬೇಕು. ನನ್ನ ಹತ್ರ ಗೋಟಡಿಕೆ ಹೆಕ್ಕಿದ ದುಡ್ಡು ಇತ್ತು ಅಷ್ಟೆ.

ಜಾತ್ರೆಯಲ್ಲಿ ಒಂದು ಅಂಗಡಿಯಲ್ಲಿ ಮೊಬೈಲಿಗೆ ಹಾಕುವ ಪ್ಲಾಸ್ಟಿಕ್ ಕವರ್ ಸಿಕ್ಕಿತು. 150 ರೂಪಾಯಿ. ನೀರು ಹೋಗುವುದೇ ಇಲ್ಲ ಎಂದು ಅಂಗಡಿಯವರು ಹೇಳಿದರು, ನಾನು ನಂಬಿದೆ. ಶಿವರಾತ್ರಿಯ ಹಿಂದಿನ ಭಾನುವಾರ ಅಮ್ಮನಿಗೆ ಹೇಳದೆ ಅವಳ ಮೊಬೈಲ್ ತಗೊಂಡು ಹಳ್ಳಕ್ಕೆ ಹೋದೆ. ನೀರೊಳಗೆ ಬೆರಳಿನಿಂದ ಒತ್ತಿದರೆ ಸ್ಕ್ರೀನ್ ಕೇಳುವುದಿಲ್ಲ. ಸೌಂಡ್ ಜಾಸ್ತಿ ಮಾಡುವ ಗುಂಡಿ ಒತ್ತಿದರೆ ಫೋಟೋ ಬೀಳುತ್ತದೆ. ಅದನ್ನು ಕಂಡುಹಿಡಿದ ಖುಷಿಯಲ್ಲಿ ಕವರಿನ ಮೂಲೆಯಲ್ಲಿ ನೀರು ನಿಂತದ್ದು ನನಗೆ ಕಾಣಲಿಲ್ಲ. ಕಂಡಾಗ ಸ್ಕ್ರೀನ್ ಕಪ್ಪಾಗಿತ್ತು.

ಒರೆಸಿ ಬಿಸಿಲಲ್ಲಿ ಇಟ್ಟೆ. ಅಕ್ಕಿ ಡಬ್ಬದಲ್ಲಿ ಹುಗಿದೆ. ಏನೂ ಆಗಲಿಲ್ಲ. ಸಂಜೆ ಅಮ್ಮ "ಎಂತಾಯ್ತೇ ಇದಕ್ಕೆ?" ಅಂತ ಕೇಳಿದಾಗ, "ತಮ್ಮ ಆಡ್ತಿದ್ದ, ಬಚ್ಚಲ ಬಕೆಟಿಗೆ ಬಿತ್ತು" ಅಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ತಮ್ಮನಿಗೆ ಹಿಡಿಕಡ್ಡಿಯಲ್ಲಿ ಮೂರು ಏಟು ಬಿತ್ತು. "ನಾನಲ್ಲ, ನಾನಲ್ಲ" ಎಂದು ಅತ್ತ. ಅವನು ಹಿಂದೆ ಅಜ್ಜನ ರೇಡಿಯೋ ಬಿಚ್ಚಿ ಹಾಳು ಮಾಡಿದ್ದ, ಹಾಗಾಗಿ ಯಾರೂ ನಂಬಲಿಲ್ಲ. ರಿಪೇರಿಗೆ 1200 ರೂಪಾಯಿ ಆಯಿತು. ಅಮ್ಮ ಅಡುಗೆಯ ದುಡ್ಡಿನಲ್ಲಿ ಕೊಟ್ಟಳು.

ಮಳೆಗಾಲ ಬಂತು, ಹಳ್ಳ ಕೆಂಪಾಗಿ ಹರಿಯಿತು, ನಾನು ಫೋಟೋ ಸುದ್ದಿಗೇ ಹೋಗಲಿಲ್ಲ. ಆದರೆ ದೀಪಾವಳಿ ಆದಮೇಲೆ ಸರ್ ತರಗತಿಯಲ್ಲಿ ಒಂದು ಸಂಗತಿ ಹೇಳಿದರು. 1856ರಲ್ಲಿ ಇಂಗ್ಲೆಂಡಿನ ವೇಮತ್ ಎಂಬ ಊರಿನ ವಿಲಿಯಂ ಥಾಂಪ್ಸನ್ ಎಂಬ ವಕೀಲರು ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಇಳಿಬಿಟ್ಟರಂತೆ. ಅವರು ಮುಳುಗಲೇ ಇಲ್ಲ, ದೋಣಿಯಲ್ಲೇ ಇದ್ದರು. ಪೆಟ್ಟಿಗೆಯೊಳಗೆ ನೀರು ನುಗ್ಗಿತು. ಆದರೂ ಮಸುಕಾಗಿ ಒಂದು ಚಿತ್ರ ಬಂತು! ಅವರದ್ದೂ ಸೋರಿತ್ತು ಎಂದು ಕೇಳಿ ನನಗೆ ಎಷ್ಟು ಸಮಾಧಾನ ಆಯಿತೆಂದರೆ ಹೇಳಲಿಕ್ಕಾಗದು. ಆಮೇಲೆ 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ಎಂಬ ವಿಜ್ಞಾನಿ ತಾವೇ ಮುಳುಗಿ ಫೋಟೋ ತೆಗೆದರು. ಅವರ ಕ್ಯಾಮೆರಾ ಪೆಟ್ಟಿಗೆ ಮಾಡಲು ಸಹಾಯ ಮಾಡಿದ್ದು ಅವರ ಸ್ವಂತ ಸೋದರ. ಇದನ್ನು ಕೇಳುವಾಗ ಮಾತ್ರ ನಾನು ತಲೆ ತಗ್ಗಿಸಿ ಕೂತಿದ್ದೆ.

ಪೆಟ್ಟಿಗೆಯನ್ನು ಪೂರ್ತಿ ಮುಳುಗಿಸದಿದ್ದರೆ ಆಯಿತಲ್ಲ, ತಳ ಮಾತ್ರ ನೀರೊಳಗೆ ಇದ್ದರೆ ಸಾಕು ಅಂತ ನನಗೆ ಹೊಳೆಯಿತು. ಚಿಕ್ಕಪ್ಪನ ಹತ್ರ ಖಾಲಿ ಎಣ್ಣೆ ಡಬ್ಬ ಹಿಡಿದು ಹೋದೆ. "ಮೀನು ಬೇಕಾದ್ರೆ ಗಾಳ ತಗೊ ಮಾರಾಯ್ತಿ, ಡಬ್ಬ ಎಂತಕ್ಕೆ?" ಎಂದು ನಕ್ಕರು. ಆದರೂ ಮೇಲಿನ ಮುಚ್ಚಳ ಕತ್ತರಿಸಿ, ತಳದಲ್ಲಿ ಸುತ್ತ ಎರಡು ಬೆರಳು ಅಂಚು ಬಿಟ್ಟು ಕಿಟಕಿ ಕೊರೆದು ಕೊಟ್ಟರು. ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜಿಗೆ 60 ರೂಪಾಯಿ, ಸಿಲಿಕಾನ್ ಅಂಟಿಗೆ 180 ರೂಪಾಯಿ. ಒಟ್ಟು 240.

ಮೊದಲು ಗಾಜನ್ನು ಡಬ್ಬದ ಒಳಗಡೆಯಿಂದ ಅಂಟಿಸಿದೆವು. ಸೋರಿತು. ನೀರು ಕೆಳಗಿನಿಂದ ಗಾಜನ್ನು ಮೇಲೆ ತಳ್ಳುತ್ತದೆ, ಅಂಟು ಬಿಟ್ಟುಹೋಗುತ್ತದೆ. ಬಿಡಿಸಿ ಹೊರಗಡೆಯಿಂದ ಅಂಟಿಸಿದಾಗ ಅದೇ ನೀರು ಗಾಜನ್ನು ಅಂಚಿಗೆ ಒತ್ತಿ ಹಿಡಿಯಿತು. ಒಂದು ದಿನ ಪೂರ್ತಿ ಒಣಗಲು ಬಿಟ್ಟೆವು. ಈ ಸಲ ಮೊಬೈಲ್ ಇಡುವ ಮೊದಲು ಡಬ್ಬದಲ್ಲಿ ಬರೀ ಒಣ ಪೇಪರ್ ಹಾಸಿ ಅರ್ಧ ಗಂಟೆ ನೀರಲ್ಲಿ ಇಟ್ಟೆ. ಪೇಪರ್ ಒಣಗಿಯೇ ಇತ್ತು. ಜಾತ್ರೆಯ ಕವರಿಗೂ ಇದನ್ನೇ ಮಾಡಿದ್ದರೆ!

ಡಬ್ಬವನ್ನು ನೀರಿಗೆ ಒತ್ತಿದರೆ ಅದು ವಾಪಸು ಮೇಲೆ ಬರುತ್ತದೆ. ಡಬ್ಬದ ತಳ ಒಂದೊಂದು ಬದಿಯೂ ಸುಮಾರು 23 ಸೆಂ.ಮೀ. ಹತ್ತು ಸೆಂ.ಮೀ. ಮುಳುಗಿಸಿದರೆ ಐದು ಲೀಟರಿಗೂ ಹೆಚ್ಚು ನೀರು ಪಕ್ಕಕ್ಕೆ ಸರಿಯುತ್ತದೆ, ಅಂದರೆ ಐದು ಕೆ.ಜಿ.ಗೂ ಹೆಚ್ಚು ಭಾರ ಬೇಕು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟ ಮೇಲೆ ಸುಮ್ಮನೆ ನಿಂತಿತು. ಗಾಜಿನಲ್ಲಿ ಡಬ್ಬದ ಹೊಳಪು ಕಾಣುತ್ತಿತ್ತು, ಒಳಗೆ ಕಪ್ಪು ಪೇಂಟ್ ಬಳಿದೆ. ಚಿಕ್ಕಪ್ಪನ ಹಳೇ ಮೊಬೈಲಿಗೆ ಸಿಮ್ ಇಲ್ಲ, ಹಿಂಭಾಗ ಒಡೆದಿದೆ, ಕ್ಯಾಮೆರಾ ಮಾತ್ರ ಚೆನ್ನಾಗಿದೆ. ಅದನ್ನೇ ಗಾಜಿನ ಮೇಲೆ ಇಟ್ಟೆ.

ಗೆಳೆಯರೇ, ಮೊದಲ ಸಲ ಬಗ್ಗಿ ನೋಡಿದಾಗ ನಾನು ಫೋಟೋ ತೆಗೆಯುವುದನ್ನೇ ಮರೆತೆ. ದಿನಾ ಬಟ್ಟೆ ಒಗೆಯುವ ಗುಂಡಿ ಅದು. ಅದರಲ್ಲಿ ಕಲ್ಲಿಗೆ ಹೊಟ್ಟೆ ಅಂಟಿಸಿಕೊಂಡು ಕೂರುವ ಮೀನು ಇದೆ! ಗಾಜಿನಂಥ ಸೀಗಡಿ ಇದೆ, ಅದರ ಹೊಟ್ಟೆಯೊಳಗಿನ ಕಪ್ಪು ಗೆರೆಯೂ ಕಾಣುತ್ತದೆ. ಒಂದು ಶಾಂಪೂ ಪ್ಯಾಕೆಟ್ ಕೆಳಗೆ ಏಡಿಮರಿ ಮನೆ ಮಾಡಿತ್ತು. (ಆ ಪ್ಯಾಕೆಟ್ ನಮ್ಮ ಮನೆಯದೇ.)

ನಾನು ಕಲಿತದ್ದು ಸ್ವಲ್ಪ ಹೇಳುತ್ತೇನೆ. ಹತ್ತರಿಂದ ಮೂರು ಗಂಟೆ ಒಳಗೆ ಬಿಸಿಲು ಮೇಲಿರುವಾಗ ಹೋಗಬೇಕು. ಫ್ಲಾಶ್ ಹಾಕಬಾರದು, ಗಾಜಿಗೆ ಹೊಡೆದು ಎಲ್ಲ ಬಿಳಿ ಆಗುತ್ತದೆ. ವಕ್ರೀಭವನದಿಂದಾಗಿ ನೀರೊಳಗಿನ ಮೀನು ಇರುವ ದೂರದ ಮುಕ್ಕಾಲು ಪಾಲಿನಲ್ಲೇ ಇದ್ದ ಹಾಗೆ ಕಾಣುತ್ತದೆ, ದೊಡ್ಡದಾಗಿಯೂ ಕಾಣುತ್ತದೆ. ಆದರೂ ಇನ್ನೂ ಹತ್ತಿರ ಹೋಗಬೇಕು, ನಡುವೆ ನೀರು ಜಾಸ್ತಿಯಾದಷ್ಟೂ ಫೋಟೋ ಮಬ್ಬು. ಸಮುದ್ರದ ಆಳದಲ್ಲಿ ಕೆಂಪು ಬಣ್ಣವೇ ಮೊದಲು ಮಾಯ ಆಗುತ್ತದಂತೆ. ನಮ್ಮ ಗುಂಡಿ ಮೊಣಕಾಲುದ್ದ, ಬಣ್ಣ ಎಲ್ಲೂ ಹೋಗಲಿಲ್ಲ. ಕಾಲಾಡಿಸಿದರೆ ಕೆಸರು ಏಳುತ್ತದೆ, ಅದು ಕೂರಲು ಹತ್ತು ನಿಮಿಷ ಬೇಕು. ಚಿಕ್ಕಪ್ಪ ದಡದಲ್ಲಿ ಇದ್ದಾಗ ಮಾತ್ರ ಇಳಿಯುತ್ತೇನೆ. ನೀವೂ ಒಬ್ಬೊಬ್ಬರೇ ಹೋಗಬೇಡಿ.

ಈ ಬರಹದ ಪಕ್ಕದಲ್ಲಿ ಸರ್ ಪ್ರಿಂಟ್ ಹಾಕಿಸಿ ಅಂಟಿಸಿರುವ ಫೋಟೋ ನೋಡಿ. ಒಂದು ಪಾದ, ಅದರ ಬೆರಳನ್ನು ಕಚ್ಚುತ್ತಿರುವ ಏಳು ಮರಿಮೀನು. ಅದು ಐದನೇ ತರಗತಿಯಲ್ಲಿ ಓದುವ ನನ್ನ ತಮ್ಮನ ಪಾದ. ಕಚಗುಳಿ ಆದರೂ ಅಲ್ಲಾಡದೆ ನಿಂತಿದ್ದ. ಫೋಟೋ ನೋಡಿ, "ಅಕ್ಕಾ, ನೀನು ಮುಂಚೆಯೂ ಹಿಂಗೆ ತೆಗೀತಿದ್ಯಾ? ಅಮ್ಮನ ಮೊಬೈಲಲ್ಲಿ?" ಅಂತ ಕೇಳಿದ. ನಾನು ಸುಮ್ಮನಿದ್ದೆ. ಅವನಿಗೆ ಗೊತ್ತಾಯಿತು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ, "ಅಮ್ಮಂಗೆ ನೀನೇ ಹೇಳು" ಅಂದ.

ಎದುರು ನಿಂತು ಹೇಳಲು ನನಗೆ ಧೈರ್ಯ ಬರಲಿಲ್ಲ. ಅಮ್ಮ ಅನ್ನದ ಪಾತ್ರೆ ತೊಳೆದಾದ ಮೇಲೆ ದಿನಾ ಇದೇ ಗೋಡೆಯ ಮುಂದಿನಿಂದ ಹೋಗುತ್ತಾಳೆ, ನಿಂತು ಎಲ್ಲರ ಬರಹವನ್ನೂ ಓದುತ್ತಾಳೆ. ಅಮ್ಮಾ, ಅವತ್ತು ಮೊಬೈಲ್ ನೀರಿಗೆ ಹಾಕಿದ್ದು ನಾನು.

ಸರ್‌ಗೆ ಕೊಡುವ ಮೊದಲು ಇದನ್ನು ತಮ್ಮನಿಗೆ ಓದಲು ಕೊಟ್ಟೆ. ನಾನು ಎರಡು ಏಟು ಎಂದು ಬರೆದಿದ್ದೆ. "ಎರಡಲ್ಲ, ಮೂರು" ಅಂದ. ತಿದ್ದಿದ್ದೇನೆ.

– ಏಳನೇ ತರಗತಿ